ಬುತ್ತಿ, ಪೊರಕೆ, ಕರಿಹಲಗೆ

ಮೂರು ನಾಲ್ಕು ವರ್ಷಕ್ಕೊಮ್ಮೆ ನಮ್ಮ ಪತ್ರಿಕೆಗಳಲ್ಲಿ ಒಂದು ಪಟ್ಟಿ ಪ್ರಕಟವಾಗುತ್ತದೆ. ಯಾವ ದೇಶದ ಹದಿನೈದು ವರ್ಷದ ಮಕ್ಕಳು ಲೆಕ್ಕದಲ್ಲಿ ಜಾಣರು, ಓದಿನಲ್ಲಿ ಜಾಣರು ಎಂದು ಅಳೆದು ಹೇಳುವ ಪಟ್ಟಿ ಅದು. ‘ಪಿಸಾ’ ಎಂದು ಆ ಪರೀಕ್ಷೆಯ ಹೆಸರು. 2022ರಲ್ಲಿ ನಡೆದ ಪರೀಕ್ಷೆಯ ಫಲ 2023ರ ಡಿಸೆಂಬರಿನಲ್ಲಿ ಹೊರಬಿತ್ತು. ಲೆಕ್ಕದಲ್ಲಿ ಮೊದಲ ಆರು ಸ್ಥಾನ ಯಾರದೆಂದು ನೋಡಿದರೆ ಸಿಂಗಪುರ, ಮಕಾವ್, ತೈವಾನ್, ಹಾಂಗ್‌ಕಾಂಗ್, ಜಪಾನ್, ಕೊರಿಯ. ಏಳನೆಯ ಸ್ಥಾನಕ್ಕೆ ಬರುವವರೆಗೆ ಯೂರೋಪಿನ ಹೆಸರೇ ಇಲ್ಲ.

ಪಟ್ಟಿ ಬಂದ ವಾರವೇ ಅದನ್ನು ಕುರಿತ ಲೇಖನಗಳೂ ಬರುತ್ತವೆ. ಅವುಗಳಲ್ಲಿ ನಾನು ಎರಡೇ ಬಗೆ ಕಂಡಿದ್ದೇನೆ. ಆ ಮಕ್ಕಳ ಶಿಸ್ತೇನು, ಗುರುಭಕ್ತಿಯೇನು, ಎಲ್ಲ ಕನ್‌ಫ್ಯೂಷಿಯಸ್ ಮಹಾಶಯನ ಕೃಪೆ. ಅವರ ವಿದ್ಯೆ ಅವರ ಸಂಸ್ಕೃತಿಯಲ್ಲಿ ಬೇರು ಬಿಟ್ಟಿದೆ, ನಮ್ಮದು ಕುಂಡದ ಗಿಡ ಎಂದು ನಿಟ್ಟುಸಿರುಬಿಡುವುದು ಒಂದು ಬಗೆ. ಅವು ಮಕ್ಕಳೇ ಅಲ್ಲ, ಲೆಕ್ಕ ಮಾಡುವ ಯಂತ್ರಗಳು. ನಮ್ಮ ಮಕ್ಕಳು ದಡ್ಡರಾದರೂ ಸುಖವಾಗಿವೆ ಎಂದು ಸಮಾಧಾನಪಟ್ಟುಕೊಳ್ಳುವುದು ಇನ್ನೊಂದು. ಈ ಎರಡು ಪಕ್ಷದವರಲ್ಲಿಯೂ ಒಂದು ಸಾಮ್ಯವುಂಟು: ಇಬ್ಬರೂ ಆ ದೇಶಗಳ ಅಂಕಿಗಳನ್ನು ಓದಿದ್ದಾರೆ, ಕತೆಗಳನ್ನು ಓದಿದಂತೆ ಕಾಣುವುದಿಲ್ಲ. ಶಾಲೆಯನ್ನು ಕುರಿತು ಚೀನ, ಜಪಾನುಗಳ ಒಳ್ಳೆಯ ಲೇಖಕರು ಬಹಳ ಬರೆದಿದ್ದಾರೆ, ನಿಷ್ಠುರವಾಗಿಯೂ ಬರೆದಿದ್ದಾರೆ. ಅವರ ಶಾಲೆಗಳಿಂದ ಬೇರೆಯವರು ಏನನ್ನಾದರೂ ತರುವುದಾದರೆ ಏನನ್ನು ತರಬೇಕು, ಏನನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬುದನ್ನು ತಿಳಿಯಲು ಅಂಕಿಗಳಿಗಿಂತ ಈ ಕತೆಗಳೇ ಹೆಚ್ಚು ನೆರವಾಗುತ್ತವೆಂದು ನನ್ನ ನಂಬಿಕೆ.

ಮೊದಲು ಪರೀಕ್ಷೆಯ ಮಾತು ಮುಗಿಸಿಬಿಡೋಣ. ಚೀನದಲ್ಲಿ ಸರ್ಕಾರದ ಅಧಿಕಾರಿಗಳನ್ನು ಪರೀಕ್ಷೆಯ ಮೂಲಕ ಆರಿಸುವ ಪದ್ಧತಿ ಏಳನೆಯ ಶತಮಾನದ ಆದಿಯಲ್ಲಿ ಹುಟ್ಟಿ 1905ರವರೆಗೆ, ಸುಮಾರು ಸಾವಿರದ ಮುನ್ನೂರು ವರ್ಷ, ನಡೆಯಿತು. ಬೇರೆಲ್ಲಿ ಎಂದು ಹುಡುಕುವವರು ಸಾಮಾನ್ಯವಾಗಿ ಇಲ್ಲಿಗೇ ಬಂದು ಕೈಮುಗಿಯುತ್ತಾರೆ. ಆದರೆ 18ನೆಯ ಶತಮಾನದ ನಡುವಿನಲ್ಲಿ ವು ಜಿಂಗ್‌ತ್ಸು ಬರೆದ ಕಾದಂಬರಿಯಲ್ಲಿ, ಪಂಡಿತವರ್ಗವನ್ನೇ ಗೇಲಿಮಾಡುವ ಆ ಪುಸ್ತಕದಲ್ಲಿ, ಫಾನ್ ಜಿನ್ ಎಂಬೊಬ್ಬ ಬರುತ್ತಾನೆ. ಇಪ್ಪತ್ತಕ್ಕೂ ಹೆಚ್ಚು ಬಾರಿ ಪರೀಕ್ಷೆಗೆ ಕುಳಿತು ಸೋತವನು. ಐವತ್ತು ದಾಟಿದ ಮೇಲೆ ಮೊದಲ ಮೆಟ್ಟಿಲು ಹತ್ತಿ, ಅದೇ ಬಿಸಿಯಲ್ಲಿ ಎರಡನೆಯದಕ್ಕೂ ಕುಳಿತು ಬರುತ್ತಾನೆ. ತೇರ್ಗಡೆಯ ಸುದ್ದಿ ಮನೆಗೆ ಬಂದಾಗ, ಅಕ್ಕಿಗೆ ಕಾಸಿಲ್ಲದೆ, ಮನೆಯಲ್ಲಿದ್ದ ಒಂದು ಕೋಳಿಯನ್ನು ಮಾರಲು ಸಂತೆಗೆ ಹೋಗಿರುತ್ತಾನೆ. ಸುದ್ದಿ ಕೇಳಿ ಸಂತೋಷದಿಂದ ಹುಚ್ಚು ಹಿಡಿದು ಚಪ್ಪಾಳೆ ತಟ್ಟುತ್ತ ಓಡಿ ಕೆಸರಿನಲ್ಲಿ ಬೀಳುತ್ತಾನೆ. ಕಟುಕನಾದ ಮಾವ ಕೆನ್ನೆಗೆ ಬಾರಿಸಿದ ಮೇಲೆ ಬುದ್ಧಿ ಸರಿಯಾಗುತ್ತದೆ. ನಗು ಬರುತ್ತದೆ, ನಕ್ಕು ಮುಗಿದ ಮೇಲೆ ನಗಬಾರದಿತ್ತೇನೋ ಎನ್ನಿಸುತ್ತದೆ.

ಲೂ ಶುನ್ 1919ರಲ್ಲಿ ಬರೆದ ‘ಕೊಂಗ್ ಯಿಜಿ’ ಎಂಬ ಸಣ್ಣಕತೆಯಲ್ಲಿ ಆ ನಗುವೂ ಉಳಿಯುವುದಿಲ್ಲ. ಯಾವ ಪರೀಕ್ಷೆಯೂ ಗೆಲ್ಲದ ಈ ಪಂಡಿತ ಊರಿನ ಹೆಂಡದಂಗಡಿಗೆ ಬರುತ್ತಾನೆ. ಉದ್ದ ನಿಲುವಂಗಿ ಪಂಡಿತನದು, ನಿಂತು ಕುಡಿಯುವುದು ಕೂಲಿಗಳ ಜೊತೆಗೆ. ಅಂಗಡಿಯ ಹುಡುಗನಿಗೆ ಒಂದು ಅಕ್ಷರವನ್ನು ನಾಲ್ಕು ಬಗೆಯಾಗಿ ಬರೆಯಬಹುದೆಂದು ಉತ್ಸಾಹದಿಂದ ಹೇಳಿಕೊಡಲು ಹೋಗುತ್ತಾನೆ. ಹುಡುಗ ಮುಖ ತಿರುಗಿಸುತ್ತಾನೆ. ಪುಸ್ತಕ ಕದ್ದು, ಏಟು ತಿಂದು, ಕಾಲು ಮುರಿದುಕೊಂಡು, ಕೊನೆಗೆ ಕೈಯೂರಿ ತೆವಳಿಕೊಂಡು ಬಂದು ಒಂದು ಬಟ್ಟಲು ಕುಡಿದು ಹೋದವನು ಮತ್ತೆ ಕಾಣಿಸುವುದಿಲ್ಲ. ಅಂಗಡಿಯ ಹಲಗೆಯ ಮೇಲೆ ಅವನ ಹತ್ತೊಂಬತ್ತು ಕಾಸಿನ ಸಾಲ ಮಾತ್ರ ಉಳಿಯುತ್ತದೆ. ಪದ್ಧತಿ ರದ್ದಾಗಿ ಹದಿನಾಲ್ಕು ವರ್ಷವಾದ ಮೇಲೆ ಬರೆದ ಕತೆ ಇದು. ಶವವನ್ನು ಹೂತ ಮೇಲೂ ವಾಸನೆ ಹೋಗಿರಲಿಲ್ಲ ಎನ್ನಬೇಕು.

ಹೋಗಿದೆಯೇ? 2024ರಲ್ಲಿ ಚೀನದ ಕಾಲೇಜು ಪ್ರವೇಶ ಪರೀಕ್ಷೆಗೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಕೊರಿಯದಲ್ಲಿ ನವೆಂಬರಿನ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯುವ ಅರ್ಧ ಗಂಟೆಯ ಹೊತ್ತು, ದೇಶದಲ್ಲಿ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮನೆಪಾಠದ ಅಂಗಡಿಗಳ ಹಾವಳಿ ತಾಳಲಾರದೆ 2021ರ ಜುಲೈನಲ್ಲಿ ಚೀನದ ಸರ್ಕಾರ ಶಾಲೆಯ ಮುಖ್ಯ ವಿಷಯಗಳಲ್ಲಿ ಲಾಭಕ್ಕಾಗಿ ಪಾಠ ಹೇಳುವುದನ್ನೇ ನಿಷೇಧಿಸಿತು. ಪಟ್ಟಿಯನ್ನು ಹೊಗಳುವವರು ಹೊಗಳುತ್ತಿರುವ ವಸ್ತುವನ್ನು ಕಂಡು ಅದರ ಯಜಮಾನರೇ ಹೆದರಿದ್ದಾರೆ. ಇದನ್ನು ಅಲ್ಲಿಯೇ ಬಿಟ್ಟು ಬರಬಹುದು. ಈ ಸರಕಿನಲ್ಲಿ ನಾವೇನೂ ಬಡವರಲ್ಲ.

ಹಾಗಾದರೆ ತರಬೇಕಾದದ್ದೇನು?

ರೂತ್ ಬೆನೆಡಿಕ್ಟ್ ಎಂಬ ಅಮೆರಿಕದ ವಿದುಷಿ 1946ರಲ್ಲಿ ಜಪಾನನ್ನು ಕುರಿತು ಒಂದು ಪುಸ್ತಕ ಬರೆದಳು. ಅವರದು ನಾಚಿಕೆಯ ಸಂಸ್ಕೃತಿ, ನಾಲ್ಕು ಜನರ ಎದುರು ತಲೆತಗ್ಗಿಸಬೇಕಾಗುವುದೆಂಬ ಅಂಜಿಕೆಯೇ ಅಲ್ಲಿ ನಡತೆಗೆ ಕಾವಲು ಎಂಬುದು ಆಕೆಯ ಸಿದ್ಧಾಂತ. ಆಕೆ ಆ ಪುಸ್ತಕ ಬರೆಯುವ ಮುನ್ನ ಜಪಾನಿಗೆ ಕಾಲಿಟ್ಟಿರಲಿಲ್ಲ. ಸಿದ್ಧಾಂತದ ಮೇಲೆ ಬಂದ ಆಕ್ಷೇಪಣೆಗಳೂ ಅನೇಕ. ಆದರೂ ಅದರ ಒಂದು ಎಳೆಯನ್ನು ನಾನು ಹಿಡಿದುಕೊಳ್ಳುತ್ತೇನೆ. ನಾಚಿಕೆಯ ವಿಷ ಎಷ್ಟೆಂದು ಬಲ್ಲ ಜನ ತಮ್ಮ ಎಳೆಯ ಮಕ್ಕಳ ಶಾಲೆಯಲ್ಲಿ ಅದಕ್ಕೊಂದು ಮದ್ದನ್ನೂ ಅರೆದಿಟ್ಟಿದ್ದಾರೆ. ಅವರ ಶಾಲೆಯಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಆ ಮದ್ದು.

‘ತೊತ್ತೋ-ಚಾನ್’ ನಮ್ಮಲ್ಲಿ ಬಹಳ ಜನ ಓದಿರುವ ಪುಸ್ತಕ, ಕನ್ನಡಕ್ಕೂ ಬಂದಿದೆ. ಕುರೊಯಾನಗಿ ತೆತ್ಸುಕೊ ತನ್ನ ಬಾಲ್ಯದ ಶಾಲೆಯನ್ನು ನೆನೆದು 1981ರಲ್ಲಿ ಪ್ರಕಟಿಸಿದ್ದು. ಮೇಜಿನ ಮುಚ್ಚಳವನ್ನು ನೂರು ಸಲ ತೆಗೆದು ಹಾಕುವ, ಬೀದಿಯ ವಾದ್ಯದವರನ್ನು ಕಿಟಕಿಯಿಂದ ಕೂಗಿ ಕರೆಯುವ ಹುಡುಗಿಯನ್ನು ಮೊದಲ ಶಾಲೆಯವರು ಹೊರಗೆ ಹಾಕುತ್ತಾರೆ. ರೈಲು ಡಬ್ಬಿಗಳೇ ತರಗತಿಗಳಾದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಕೊಬಯಾಶಿ ಸೊಸಾಕು ಅವಳ ಮಾತನ್ನು ನಾಲ್ಕು ಗಂಟೆ ಕುಳಿತು ಕೇಳಿ ಸೇರಿಸಿಕೊಳ್ಳುತ್ತಾನೆ. ನಮ್ಮ ಓದುಗರು ಇದನ್ನು ಜಪಾನಿನ ಶಾಲಾಪದ್ಧತಿಯ ಮೇಲಿನ ಬಂಡಾಯದ ಪುಸ್ತಕವೆಂದು ಓದುತ್ತಾರೆ. ಅದು ಅರ್ಧ ನಿಜ. ಪುಸ್ತಕಕ್ಕೆ ದೋಷಗಳೂ ಇವೆ. ಮೊದಲ ಶಾಲೆಯ ಆ ಬಡಪಾಯಿ ಶಿಕ್ಷಕಿಗೆ ಕೆಲವೇ ಪುಟ ದೊರೆತಿದೆ, ಅದರಲ್ಲಿ ನ್ಯಾಯ ಸಾಲದು. ಮುಖ್ಯೋಪಾಧ್ಯಾಯನಾದರೋ ಎಂದೂ ತಪ್ಪದ ಮನುಷ್ಯ. ಎಂದೂ ತಪ್ಪದ ಮೇಷ್ಟರನ್ನು ನಾನು ಪುಸ್ತಕದ ಹೊರಗೆ ಕಂಡಿಲ್ಲ.

ಆದರೆ ಊಟದ ಅಧ್ಯಾಯಗಳನ್ನು ನೋಡಬೇಕು. ಪ್ರತಿ ಮಗುವಿನ ಬುತ್ತಿಯಲ್ಲಿಯೂ ಕಡಲಿನದು ಒಂದಿಷ್ಟು, ಬೆಟ್ಟದ್ದು ಒಂದಿಷ್ಟು ಇರಬೇಕೆಂದು ಕೊಬಯಾಶಿ ತಾಯಂದಿರಿಗೆ ಹೇಳಿರುತ್ತಾನೆ. ಇಂಥದೇ ತನ್ನಿರಿ ಎಂದರೆ ಬಡವರಿಗೆ ಕಷ್ಟ. ಬೆಟ್ಟದ್ದು ಎಂದರೆ ಒಂದು ಗೆಡ್ಡೆಯೂ ಆದೀತು. ಊಟದ ಹೊತ್ತಿಗೆ ಆತನ ಹೆಂಡತಿ ಎರಡು ಪಾತ್ರೆ ಹಿಡಿದು ಹಿಂದೆ ಬರುತ್ತಾಳೆ. ಯಾರ ಡಬ್ಬಿಯಲ್ಲಿ ಕಡಲು ಇಲ್ಲವೋ ಅವರಿಗೆ ಒಂದರಿಂದ, ಬೆಟ್ಟ ಇಲ್ಲದವರಿಗೆ ಇನ್ನೊಂದರಿಂದ. ನಿನ್ನ ಮನೆಯವರು ಇದನ್ನೇಕೆ ಕಳಿಸಲಿಲ್ಲ ಎಂಬ ಪ್ರಶ್ನೆಯೇ ಇಲ್ಲ. ಒಬ್ಬರ ಡಬ್ಬಿಯನ್ನು ಒಬ್ಬರು ಇಣುಕಿ ನೋಡುವುದು ಅಲ್ಲಿ ಆಟವಾಗುತ್ತದೆ, ಅವಮಾನವಾಗುವುದಿಲ್ಲ.

ಇದು ಕೊಬಯಾಶಿಯೊಬ್ಬನ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ಜಪಾನಿನಲ್ಲಿ ಶಾಲೆಯ ಊಟ ಮೊದಲು ನಡೆದದ್ದು 1889ರಲ್ಲಿ, ಯಾಮಗಾತ ಪ್ರಾಂತದ ತ್ಸುರುಓಕದಲ್ಲಿ, ಬೌದ್ಧ ದೇವಾಲಯವೊಂದರ ಆವರಣದ ಶಾಲೆಯಲ್ಲಿ. ಬುತ್ತಿ ತರಲಾರದ ಮಕ್ಕಳಿಗೆ ಅನ್ನದ ಉಂಡೆ, ಉಪ್ಪು ಹಚ್ಚಿದ ಮೀನು, ಉಪ್ಪಿನಕಾಯಿ. 1954ರಲ್ಲಿ ಅದಕ್ಕೆ ಕಾನೂನಾಯಿತು. ಈಗ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಸರದಿಯ ಮಕ್ಕಳು ಬಿಳಿಯ ಮೇಲಂಗಿ, ಟೋಪಿ ತೊಟ್ಟು ಬಡಿಸುತ್ತಾರೆ. ಮೇಷ್ಟರೂ ಅದೇ ತರಗತಿಯಲ್ಲಿ, ಅದೇ ಅಡುಗೆಯನ್ನು, ಮಕ್ಕಳ ಜೊತೆಗೇ ಉಣ್ಣುತ್ತಾರೆ. ಊಟದ ಹೊತ್ತು ಅವರಿಗೆ ಪಾಠದ ನಡುವಣ ಬಿಡುವಲ್ಲ, ಅದೂ ಒಂದು ಪಾಠ. ಬಡಿಸುವ ಸೌಟು ಎಲ್ಲರ ಕೈಗೂ ಸರದಿಯ ಮೇಲೆ ಬರುತ್ತದೆ.

ಊಟದ ವಿಷಯದಲ್ಲಿ ಹೀಗಾದರೆ, ತಪ್ಪಿನ ವಿಷಯದಲ್ಲಿ? ಜೇಮ್ಸ್ ಸ್ಟಿಗ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಯಾಗಿದ್ದಾಗ, 1979ರಲ್ಲಿ, ಜಪಾನಿನ ನಾಲ್ಕನೆಯ ತರಗತಿಯೊಂದರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕಂಡದ್ದನ್ನು ಮುಂದೆ ಹೇಳಿಕೊಂಡಿದ್ದಾನೆ. ಘನಾಕೃತಿಯ ಚಿತ್ರ ಬರೆಯುವುದು ಪಾಠ. ಒಬ್ಬ ಹುಡುಗನಿಗೆ ಎಷ್ಟು ಮಾಡಿದರೂ ಬರುತ್ತಿಲ್ಲ. ಮೇಷ್ಟರು ಅವನನ್ನೇ ಕರಿಹಲಗೆಯ ಬಳಿಗೆ ಕರೆದರು. ಅಮೆರಿಕದಲ್ಲಾದರೆ ಚೆನ್ನಾಗಿ ಬರೆದವನನ್ನು ಕರೆಯುವುದು ರೂಢಿ; ಈತನಿಗೆ ಆಶ್ಚರ್ಯ. ಹುಡುಗ ಬರೆದ, ಮೇಷ್ಟರು ತರಗತಿಯನ್ನು ಕೇಳಿದರು, ಸರಿಯಾಗಿದೆಯೇ ಎಂದು. ಇಲ್ಲವೆಂದು ಮಕ್ಕಳು ತಲೆಯಾಡಿಸಿದರು. ಮತ್ತೆ ಬರೆದ, ಮತ್ತೆ ಇಲ್ಲ. ನೋಡುತ್ತಿದ್ದ ಪರದೇಶದವನಿಗೇ ಬೆವರು ಬಿಡಲಾರಂಭಿಸಿತು, ಹುಡುಗ ಇನ್ನೇನು ಅತ್ತುಬಿಡುತ್ತಾನೆ ಎಂದು. ಅವನು ಅಳಲಿಲ್ಲ. ಪಾಠದ ಕೊನೆಗೆ ಅವನ ಘನ ಸರಿಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಹೆಮ್ಮೆಯಿಂದ ಹೋಗಿ ಕುಳಿತುಕೊಂಡ.

ಈ ಪ್ರಸಂಗವನ್ನು ನಾನು ನಮ್ಮ ಕೆಲವು ಮಿತ್ರರಿಗೆ ಹೇಳಿದಾಗ ಒಬ್ಬರು, ‘ಪಾಪ, ಹುಡುಗನನ್ನು ಗೋಳು ಹೊಯ್ದುಕೊಂಡರಲ್ಲ’ ಎಂದರು. ನಮಗೆ ಹಾಗೆ ಕಾಣುವುದು ಸಹಜ. ತಪ್ಪು ಮಾಡುವುದೆಂದರೆ ದಡ್ಡತನ ಬಯಲಾಗುವುದು ಎಂದು ತಿಳಿದವರಿಗೆ ಹಲಗೆಯ ಮುಂದೆ ನಿಲ್ಲುವುದು ಶಿಕ್ಷೆ. ತಪ್ಪು ಎಂದರೆ ಇನ್ನೂ ಮುಗಿಯದ ಕೆಲಸ ಎಂದು ತಿಳಿದಿರುವ ತರಗತಿಯಲ್ಲಿ ಅದು ಶಿಕ್ಷೆಯಾಗುವುದಿಲ್ಲ. ಬುದ್ಧಿ ಹುಟ್ಟಿನಿಂದ ಬಂದದ್ದು ಎಂಬುದಕ್ಕಿಂತ ಶ್ರಮದಿಂದ ಬಂದದ್ದು ಎಂಬ ನಂಬಿಕೆ ಆ ದೇಶಗಳಲ್ಲಿ ಗಟ್ಟಿ. ಬೇರು ಎಂದು ಕರೆಯುವುದಾದರೆ ನಾನು ಇದನ್ನು ಕರೆಯುತ್ತೇನೆ. ಹುಟ್ಟಿನಿಂದಲೇ ಎಲ್ಲವನ್ನೂ ಅಳೆದು ಅಭ್ಯಾಸವಾದ ಸಮಾಜಕ್ಕೆ ಇದರ ಬೆಲೆ ಸುಲಭವಾಗಿ ತಿಳಿಯುವುದಿಲ್ಲ.

ಕರಿಹಲಗೆಯ ವಿಚಾರವಾಗಿ ಇನ್ನೊಂದು ಮಾತು. ನಾನೂ ಕೆಲವು ಕಾಲ ಮೇಷ್ಟರ ಕೆಲಸ ಮಾಡಿದವನು. ಹತ್ತು ನಿಮಿಷಕ್ಕೊಮ್ಮೆ ಹಲಗೆ ಒರಸಿ, ಸೀಮೆಸುಣ್ಣದ ಧೂಳು ಕುಡಿದವನು. ಜಪಾನಿನ ಪ್ರಾಥಮಿಕ ಶಾಲೆಯ ಒಳ್ಳೆಯ ಮೇಷ್ಟರು ಪಾಠದ ನಡುವೆ ಹಲಗೆಯನ್ನು ಒರಸುವುದಿಲ್ಲ. ಎಲ್ಲಿ ಪ್ರಶ್ನೆ, ಎಲ್ಲಿ ಒಬ್ಬ ಹುಡುಗನ ತಪ್ಪು ದಾರಿ, ಎಲ್ಲಿ ಇನ್ನೊಬ್ಬಳ ಅರ್ಧ ದಾರಿ, ಎಲ್ಲಿ ಉತ್ತರ ಎಂದು ಮೊದಲೇ ಯೋಚಿಸಿಕೊಂಡು ಬರುತ್ತಾರೆ. ಗಂಟೆ ಹೊಡೆಯುವ ಹೊತ್ತಿಗೆ ಇಡೀ ಪಾಠದ ಕತೆ ಹಲಗೆಯ ಮೇಲೆ ಇರುತ್ತದೆ, ತಪ್ಪುಗಳ ಸಮೇತ. ಮಕ್ಕಳು ಬೇರೆ ಬೇರೆಯಾಗಿ ಕಂಡುಕೊಂಡ ದಾರಿಗಳನ್ನು ಒಟ್ಟಿಗೆ ಇಟ್ಟು ಚರ್ಚಿಸುವ ಘಟ್ಟಕ್ಕೆ ಅವರ ಭಾಷೆಯಲ್ಲಿ ‘ನೆರಿಯಾಗೆ’ ಎನ್ನುತ್ತಾರೆ. ನಾದುವುದು ಎಂದು ಅದರ ಅರ್ಥ. ಹಿಟ್ಟು ನಾದುತ್ತಾರಲ್ಲ, ಹಾಗೆ. ಒಬ್ಬ ಮೇಷ್ಟರ ಪಾಠವನ್ನು ಉಳಿದ ಮೇಷ್ಟರುಗಳು ಹಿಂದೆ ನಿಂತು ನೋಡಿ, ಸಂಜೆ ಕುಳಿತು ಅದರ ಒಳಿತು ಕೆಡುಕುಗಳನ್ನು ಮಾತಾಡುವ ಪದ್ಧತಿಯೂ ಮೇಜಿ ಕಾಲದಿಂದ ಬಂದಿದೆ. ನಮ್ಮಲ್ಲಿ ಮೇಷ್ಟರ ತರಗತಿಗೆ ಬರುವವನು ಇನ್ಸ್‌ಪೆಕ್ಟರ್ ಮಾತ್ರ. ಅವನು ನೋಡುವುದು ಹಾಜರಿ ಪುಸ್ತಕ.

ಈ ವಿಧಾನಗಳಲ್ಲಿ ಎಷ್ಟೋ ಜಪಾನಿನಲ್ಲಿ ಹುಟ್ಟಿದವೇ ಅಲ್ಲ ಎಂಬುದು ವಿನೋದ. 1872ರ ಅವರ ಮೊದಲ ಶಿಕ್ಷಣಶಾಸನದ ಚೌಕಟ್ಟು ಫ್ರಾನ್ಸಿನದು. ಕೊಬಯಾಶಿ ಮಕ್ಕಳನ್ನು ಕುಣಿಸಿ ತಾಳ ಕಲಿಸಿದ್ದು ಸ್ವಿಟ್ಜರ್ಲೆಂಡಿನ ಡಾಲ್‌ಕ್ರೋಜ್‌ನಿಂದ ಕಲಿತು ಬಂದು. ಅಮೆರಿಕದ ಡ್ಯೂಯಿ 1919ರಲ್ಲಿ ತೋಕಿಯೋದಲ್ಲಿ ಉಪನ್ಯಾಸ ಮಾಡಿಹೋದ. ಬೀಜ ಹೊರಗಿನದು, ಅವರು ಅದನ್ನು ನಾದಿದರು.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಪುಸ್ತಕದ ಬಳಿಗೆ ಬರಬೇಕು. ತ್ಸುಬೋಯಿ ಸಕಾಯೆ ಎಂಬ ಲೇಖಕಿ 1952ರಲ್ಲಿ ಬರೆದ ‘ಇಪ್ಪತ್ತನಾಲ್ಕು ಕಣ್ಣು’ ನನ್ನ ಮಟ್ಟಿಗೆ ‘ತೊತ್ತೋ-ಚಾನ್’ಗಿಂತ ದೊಡ್ಡ ಕೃತಿ. 1954ರಲ್ಲಿ ಕಿನೋಶಿತ ತೆಗೆದ ಚಿತ್ರದಿಂದ ಅದು ಇನ್ನಷ್ಟು ಪ್ರಸಿದ್ಧವಾಯಿತು. ಒಳಗಡಲಿನ ತೀರದ ಬಡ ಹಳ್ಳಿಯ ಶಾಲೆಗೆ 1928ರಲ್ಲಿ ಓಯಿಶಿ ಎಂಬ ಎಳೆಯ ಶಿಕ್ಷಕಿ ಸೈಕಲ್ ಮೇಲೆ ಬರುತ್ತಾಳೆ. ಒಂದನೆಯ ತರಗತಿಯಲ್ಲಿ ಹನ್ನೆರಡು ಮಕ್ಕಳು, ಇಪ್ಪತ್ತನಾಲ್ಕು ಕಣ್ಣು. ಅವರಲ್ಲಿ ಮತ್ಸುಯೆ ಎಂಬ ಬಡಗಿಯ ಮಗಳಿಗೆ ಮುಚ್ಚಳದ ಮೇಲೆ ನೈದಿಲೆಯಂಥ ಹೂವಿನ ಚಿತ್ರವಿರುವ ಬುತ್ತಿಡಬ್ಬಿಯೊಂದು ಬೇಕೆಂದು ಆಸೆ. ತಾಯಿ ಸತ್ತು ಹುಡುಗಿ ಶಾಲೆ ಬಿಡಬೇಕಾಗುತ್ತದೆ. ಶಿಕ್ಷಕಿ ಆ ಡಬ್ಬಿಯನ್ನು ಕೊಂಡುಕೊಡುತ್ತಾಳೆ. ಆದರೆ ಡಬ್ಬಿ ಹಿಡಿದು ಹೋಗಲು ಶಾಲೆಯಿಲ್ಲ. ವರ್ಷಗಳ ಮೇಲೆ, ಶಾಲೆಯ ಪ್ರವಾಸದ ದಿನ, ಅದೇ ಮತ್ಸುಯೆ ಒಂದು ಊಟದ ಅಂಗಡಿಯಲ್ಲಿ ಕೂಗಿ ಬಡಿಸುತ್ತಿರುವುದನ್ನು ಶಿಕ್ಷಕಿ ಕಾಣುತ್ತಾಳೆ. ಹೊರಗೆ ಜೊತೆಯ ಮಕ್ಕಳು ಸಾಲಾಗಿ ಹೋಗುತ್ತಿದ್ದಾರೆ. ಕಣ್ಣೀರಿಗೆ ಕರೆ ಕೊಡದೆ ಬರೆದಿದ್ದಾಳೆಂದು ನಾನು ಹೇಳುವುದಿಲ್ಲ. ತ್ಸುಬೋಯಿಗೆ ಆ ಸಂಯಮ ಯಾವಾಗಲೂ ಇಲ್ಲ. ಆದರೆ ಕಣ್ಣೀರು ಇಲ್ಲಿ ಸಲ್ಲದ್ದಲ್ಲ.

ಇದೇ ಶಾಲೆಗಳಲ್ಲಿ, ಇದೇ ಒಗ್ಗಟ್ಟಿನ ಹೆಸರಿನಲ್ಲಿ, 1890ರ ಚಕ್ರವರ್ತಿಯ ಶಿಕ್ಷಣಾಜ್ಞೆಯನ್ನು ಮಕ್ಕಳ ಮುಂದೆ ಓದಲಾಗುತ್ತಿತ್ತು. ಮಕ್ಕಳು ತಲೆಬಾಗಿಸಿ ಕೇಳುತ್ತಿದ್ದರು. ತಂದೆತಾಯಿಗಳಲ್ಲಿ ಭಕ್ತಿ, ಒಡಹುಟ್ಟಿದವರಲ್ಲಿ ಪ್ರೀತಿ, ಆಪತ್ತು ಬಂದಾಗ ಸಿಂಹಾಸನಕ್ಕೆ ಪ್ರಾಣ. ಸಂಸ್ಕೃತಿಯ ಬೇರು ಬೇಕೆನ್ನುವವರಿಗೆ ಇದಕ್ಕಿಂತ ಆಳದ ಬೇರು ಸಿಕ್ಕುವುದಿಲ್ಲ. ಓಯಿಶಿ ಟೀಚರಿಗೆ ಸೈನಿಕರಾಗುವ ಹುಡುಗರ ಉತ್ಸಾಹ ಕಂಡರೆ ಹೊಟ್ಟೆ ಕಲಕುತ್ತದೆ. ಬಾಯಿ ಬಿಟ್ಟರೆ ಕೆಂಪು ಬಣ್ಣದವಳೆಂಬ ಅನುಮಾನ. ಕೆಲಸ ಬಿಡುತ್ತಾಳೆ. ಅವಳ ಐವರು ಹುಡುಗರಲ್ಲಿ ಮೂವರು ಯುದ್ಧದಲ್ಲಿ ಸಾಯುತ್ತಾರೆ, ಇಸೊಕಿಚಿ ಕುರುಡನಾಗಿ ಬರುತ್ತಾನೆ. ಯುದ್ಧ ಮುಗಿದ ಮೇಲೆ ಉಳಿದವರು ಸೇರಿದಾಗ, ಹಿಂದೆ ಒಂದನೆಯ ತರಗತಿಯಲ್ಲಿ ತೆಗೆಸಿದ ಪಟವೊಂದು ಕೈಯಿಂದ ಕೈಗೆ ಹೋಗಿ ಅವನ ಬಳಿಗೆ ಬರುತ್ತದೆ. ಇದೊಂದು ನನಗೆ ಕಾಣಿಸುತ್ತದೆ ಎಂದು ಬೆರಳಿಟ್ಟು ಒಬ್ಬೊಬ್ಬ ಗೆಳೆಯನನ್ನೂ ತೋರಿಸುತ್ತಾನೆ. ಬೆರಳು ಸ್ವಲ್ಪ ಸ್ವಲ್ಪ ತಪ್ಪಿ ಬೀಳುತ್ತದೆ. 1948ರಲ್ಲಿ ಜಪಾನಿನ ಪಾರ್ಲಿಮೆಂಟು ಆ ಶಿಕ್ಷಣಾಜ್ಞೆಯನ್ನು ರದ್ದುಮಾಡಿತು. ಬೇರನ್ನು ಕೂಡ ಕಿತ್ತು ನೋಡಿ, ಕೊಳೆತದ್ದನ್ನು ಕತ್ತರಿಸಬೇಕಾಗುತ್ತದೆ.

ಕತ್ತರಿಸಿದ ಮೇಲೆ ಎಲ್ಲ ಹಸುರಾಯಿತೆಂದೂ ಅಲ್ಲ. 2023–24ರ ಶಾಲಾವರ್ಷದಲ್ಲಿ ಜಪಾನಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಿಗೆ ಬರಲೊಲ್ಲದೆ ಮನೆಯಲ್ಲಿ ಉಳಿದವರೆಂದು ಸರ್ಕಾರ ಲೆಕ್ಕ ಕೊಟ್ಟ ಮಕ್ಕಳು 3 ಲಕ್ಷ 46 ಸಾವಿರ. ಎಲ್ಲರೂ ಒಂದೇ ಎನ್ನುವ ತರಗತಿಯಲ್ಲಿ ಬೇರೆಯಾಗಿರುವ ಮಗುವಿನ ಪಾಡು ಹೇಳತೀರದು.

ಇನ್ನು ಪೊರಕೆ. ಜಪಾನಿನ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ, ಒದ್ದೆಬಟ್ಟೆ ಹಿಡಿದು ಸಾಲಾಗಿ ನೆಲ ಒರಸುವ ಚಿತ್ರಗಳನ್ನು ವಾಚಕರು ನೋಡಿರಬಹುದು. ಈಜಿಪ್ಟ್ ದೇಶ 2018ರಿಂದ ಜಪಾನಿನ ಮಾದರಿಯ ಶಾಲೆಗಳನ್ನು ತೆರೆದಿದೆ. ಗುಡಿಸುವುದು, ಸರದಿಯ ಮೇಲೆ ಮುಂದಾಳಾಗುವುದು ಅಲ್ಲಿನ ಪಾಠದಲ್ಲಿ ಸೇರಿವೆ. ನಮ್ಮಲ್ಲೂ ಏಕಾಗಬಾರದು ಎಂದು ಕೇಳುವವರಿದ್ದಾರೆ. ಕೇಳುವ ಮೊದಲು ಅವರು ಶಿಮಜಾಕಿ ತೋಸೋನ್ 1906ರಲ್ಲಿ ಬರೆದ ‘ಮುರಿದ ಆಜ್ಞೆ’ಯನ್ನು ಓದಬೇಕೆಂದು ನನ್ನ ಕೋರಿಕೆ.

ಜಪಾನಿನಲ್ಲಿಯೂ ಅಸ್ಪೃಶ್ಯರುಂಟು. ಚರ್ಮದ ಕೆಲಸ, ಸತ್ತ ದನದ ಕೆಲಸ ಮಾಡುತ್ತಿದ್ದ ಜನ. 1871ರ ಆಜ್ಞೆಯಲ್ಲಿ ಅವರ ಹೀನಹೆಸರು ರದ್ದಾಯಿತು, ಹೀನತೆ ಉಳಿಯಿತು. ತೋಸೋನನ ನಾಯಕ ಉಶಿಮತ್ಸು ಆ ಕುಲದ ಹುಡುಗ. ಬೆಟ್ಟದ ಸೀಮೆಯ ಊರೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರು. ಯಾರಿಗೂ ಎಂದಿಗೂ ಹುಟ್ಟು ಹೇಳಬೇಡ ಎಂಬುದು ತಂದೆಯ ಆಜ್ಞೆ. ಕಾದಂಬರಿಯ ಉದ್ದಕ್ಕೂ ಆ ಗುಟ್ಟು ಅವನ ಎದೆಯ ಮೇಲೆ ಕಲ್ಲಾಗಿ ಕುಳಿತಿರುತ್ತದೆ. ಕೊನೆಗೆ ಒಂದು ದಿನ ತನ್ನ ತರಗತಿಯ ಮಕ್ಕಳ ಮುಂದೆಯೇ ನಾನು ಇಂಥವನು ಎಂದು ಹೇಳಿ, ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಕ್ಷಮಿಸಿ ಎಂದು ನೆಲಕ್ಕೆ ಹಣೆಯಿಡುತ್ತಾನೆ. ಯಾರು ಯಾರನ್ನು ಕ್ಷಮೆ ಕೇಳಬೇಕಾಗಿತ್ತು! ಆ ಜನರ ಸಂಘದವರೇ ಮುಂದೆ ಕಾದಂಬರಿಯ ಮಾತುಗಳಿಗೆ ಆಕ್ಷೇಪಿಸಿದರು. 1939ರಲ್ಲಿ ತೋಸೋನ್ ಕೆಲವನ್ನು ತಿದ್ದಿದ. ನನಗೂ ಆ ದೃಶ್ಯ ಒಪ್ಪಿಗೆಯಾಗುವುದಿಲ್ಲ, ಮರೆಯಲೂ ಆಗುವುದಿಲ್ಲ. ತಪ್ಪಿನ ನಾಚಿಕೆಗೆ ಅಲ್ಲಿನ ಶಾಲೆಯಲ್ಲಿ ಮದ್ದಿತ್ತು, ಹುಟ್ಟಿನ ನಾಚಿಕೆಗೆ ಇರಲಿಲ್ಲ. ಉಶಿಮತ್ಸು ದೇಶ ಬಿಟ್ಟು ಅಮೆರಿಕದ ಟೆಕ್ಸಾಸಿಗೆ ಹೊರಡುವುದರೊಂದಿಗೆ ಕತೆ ಮುಗಿಯುತ್ತದೆ.

ನಮ್ಮಲ್ಲಿ ಪೊರಕೆ ಬರಿಯ ಪೊರಕೆಯಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಇದೇ ಪತ್ರಿಕೆಗಳಲ್ಲಿ ಬಂದಿತು. ಇಳಿದವರು ಯಾವ ಕೇರಿಯ ಮಕ್ಕಳೆಂದು ಕೇಳುವ ಅಗತ್ಯ ಓದಿದವರಿಗೆ ಬೀಳಲಿಲ್ಲ. ಜಪಾನಿನ ಪೊರಕೆಯಿಂದ ಕಲಿಯಬೇಕಾದದ್ದು ನೆಲದ ಚೊಕ್ಕಟವಲ್ಲ. ಅದು ಎಲ್ಲರ ಕೈಗೂ ಬರುತ್ತದೆ ಎಂಬುದು. ಸರದಿಯ ಪಟ್ಟಿಯನ್ನು ಗೋಡೆಗೆ ಹಚ್ಚಿ, ಊರಿನ ದೊಡ್ಡವರ ಮೊಮ್ಮಗನ ಹೆಸರನ್ನೂ ಅದರಲ್ಲಿ ಬರೆದು, ಅವನ ದಿನ ಅವನೇ ಗುಡಿಸುವಂತೆ ನೋಡಿಕೊಳ್ಳುವ ಮೇಷ್ಟರು ಸಿಕ್ಕುವವರೆಗೆ ಆ ಪೊರಕೆಯನ್ನು ನಾವು ತರಿಸಿಕೊಳ್ಳದಿರುವುದೇ ಲೇಸು.

ಕೊನೆಯದಾಗಿ ಭಾಷೆ. ಈ ನಾಚಿಕೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಒಗ್ಗಿಹೋದದ್ದು. ಅದು ನಾಚಿಕೆಯೆಂದೇ ನಮಗೆ ತೋರುವುದಿಲ್ಲ. ಜಪಾನೂ ಆ ಕವಲುದಾರಿಯಲ್ಲಿ ಒಮ್ಮೆ ನಿಂತಿತ್ತು. ಮೋರಿ ಅರಿನೋರಿ ಎಂಬ ಎಳೆಯ ರಾಯಭಾರಿ 1872ರಲ್ಲಿ, ನಮ್ಮ ಭಾಷೆ ಹೊಸ ವಿದ್ಯೆಗೆ ಸಾಲದು, ಇಂಗ್ಲಿಷನ್ನೇ ತರೋಣವೇ ಎಂದು ಅಮೆರಿಕದ ಭಾಷಾಶಾಸ್ತ್ರಜ್ಞ ವ್ಹಿಟ್ನಿಗೆ ಬರೆದು ಕೇಳಿದ. ಹಾಗೆ ಮಾಡಬೇಡಿ ಎಂದು ಬುದ್ಧಿ ಹೇಳಿದವನು ಆ ಇಂಗ್ಲಿಷಿನವನೇ! ಮೋರಿ 1885ರಲ್ಲಿ ದೇಶದ ಮೊದಲ ಶಿಕ್ಷಣಮಂತ್ರಿಯಾದ. ಶಾಲೆಗಳು ಜಪಾನಿಯಲ್ಲಿಯೇ ನಡೆದವು. ನಿಶಿ ಅಮಾನೆ ಮೊದಲಾದವರು ಚೀನೀ ಅಕ್ಷರಗಳನ್ನು ಜೋಡಿಸಿ ಹೊಸ ವಿದ್ಯೆಗೆ ಹೊಸ ಮಾತು ಕಟ್ಟಿದರು. ತತ್ತ್ವಶಾಸ್ತ್ರಕ್ಕೆ ನಿಶಿ ಕಟ್ಟಿದ ‘ತೆತ್ಸುಗಾಕು’ ಎಂಬ ಮಾತನ್ನು ಚೀನ, ಕೊರಿಯಗಳೂ ತಮ್ಮ ಉಚ್ಚಾರಣೆಯಲ್ಲಿ ಬಳಸುತ್ತವೆ. ಪಟ್ಟಿಯಲ್ಲಿ ಮೇಲೆ ಕುಳಿತಿರುವವರಲ್ಲಿ ಜಪಾನ್, ಕೊರಿಯ, ತೈವಾನುಗಳ ಮಕ್ಕಳು ಲೆಕ್ಕವನ್ನು ಕಲಿಯುವುದು ತಮ್ಮ ದೇಶದ ಮಾತಿನಲ್ಲಿ. ಸಿಂಗಪುರ ಇಂಗ್ಲಿಷಿನಲ್ಲಿ ಕಲಿಸುತ್ತದೆ, ನಿಜ. ಅದು ನಾಲ್ಕು ಭಾಷೆಗಳ ಬಂದರುಪಟ್ಟಣ, ಅದರ ಕಷ್ಟವೇ ಬೇರೆ.

ನಮ್ಮವರಿಗೆ ಇದು ತಿಳಿಯದ್ದಲ್ಲ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿ ನೋಡಿ ಬಂದಿದ್ದರು. ಅವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, 1916ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಅದರ ಪಾಠ ಮಾತ್ರ ಇಂಗ್ಲಿಷಿನಲ್ಲಿ. ನಿಶಿ ಮಾಡಿದ ಕೆಲಸವನ್ನು ಇಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿ ಆರಂಭಿಸಿದರು. ಎರಡು ವರ್ಷಕ್ಕೆ ಅದು ನಿಂತಿತು. ಕುವೆಂಪು ಕುಲಪತಿಯಾಗಿದ್ದಾಗ ಕನ್ನಡದಲ್ಲಿ ಪದವಿ ಪಾಠಕ್ಕೆ ಪಟ್ಟ ಪಾಡು ಹಲವರಿಗೆ ನೆನಪಿರಬಹುದು. ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆದುವು. ಬಡವರು ಬೇಡುತ್ತಿದ್ದಾರೆ ಎನ್ನುತ್ತಾರೆ. ಬೇಡುತ್ತಿದ್ದಾರೆ, ನಿಜ, ಉಳ್ಳವರ ಮಕ್ಕಳ ಡಬ್ಬಿಯಲ್ಲಿ ಇರುವುದು ತಮ್ಮ ಮಕ್ಕಳ ಡಬ್ಬಿಯಲ್ಲಿಯೂ ಇರಲಿ ಎಂದು ಬೇಡುತ್ತಿದ್ದಾರೆ. ಅದನ್ನು ತಪ್ಪೆನ್ನುವ ಬಾಯಿ, ತಮ್ಮ ಮಕ್ಕಳನ್ನು ಮೊದಲೇ ಅಲ್ಲಿಗೆ ಕಳಿಸಿದ ನಮ್ಮಂಥವರಿಗೆ ಇಲ್ಲ.

ನತ್ಸುಮೆ ಸೊಸೆಕಿ 1903ರಿಂದ ನಾಲ್ಕು ವರ್ಷ ತೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಹೇಳಿದವನು. ತನ್ನ ತಲೆಮಾರಿನವರಿಗೆ ಬರುತ್ತಿದ್ದಷ್ಟು ಇಂಗ್ಲಿಷು ಈಗಿನ ಹುಡುಗರಿಗೆ ಬರುವುದಿಲ್ಲ ಎಂಬ ದೂರು ಆಗ ಅಲ್ಲಿಯೂ ಇತ್ತು. 1911ರಲ್ಲಿ ಸೊಸೆಕಿ ಅದಕ್ಕೆ ಕೊಟ್ಟ ಉತ್ತರದ ಸಾರ ಇಷ್ಟು: ನಾವು ಭೂಗೋಳ, ಚರಿತ್ರೆ, ಲೆಕ್ಕ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿತೆವು, ಬೇರೆ ಗತಿಯಿರಲಿಲ್ಲ, ಈಗ ಎಲ್ಲವೂ ಜಪಾನಿಯಲ್ಲಿ ದೊರೆಯುತ್ತದೆ, ಇಂಗ್ಲಿಷು ಇಳಿದದ್ದು ಶಿಕ್ಷಣ ಸರಿಯಾದ ದಾರಿಗೆ ಬಂದುದರ ಫಲ. ಹೇಳಿದವನು ದೇಶದ ದೊಡ್ಡ ಇಂಗ್ಲಿಷ್ ವಿದ್ವಾಂಸರಲ್ಲಿ ಒಬ್ಬ. ಆ ಮಾತು ಆಡುವುದಕ್ಕೆ ನಾಲ್ಕು ವರ್ಷ ಮೊದಲೇ, 1907ರಲ್ಲಿ, ವಿಶ್ವವಿದ್ಯಾನಿಲಯದ ಕೆಲಸವನ್ನು ಬಿಟ್ಟು ‘ಅಸಾಹಿ’ ದಿನಪತ್ರಿಕೆಯನ್ನು ಸೇರಿದ್ದ. ಮುಂದಿನ ಅವನ ಕಾದಂಬರಿಗಳೆಲ್ಲ ಆ ಪತ್ರಿಕೆಯಲ್ಲಿ ದಿನದಿನವೂ ಕಂತುಕಂತಾಗಿ ಬಂದುವು. ಓದುವವರು ಇದ್ದರು, ಜಪಾನಿಯಲ್ಲಿ ಪಾಠ ಕೇಳಿದ ಆ ಹುಡುಗ ಹುಡುಗಿಯರು ಅಷ್ಟರಲ್ಲಿ ಶಾಲೆ ಮುಗಿಸಿ ಹೊರಗೆ ಬಂದಿದ್ದರು.